ಘಟ್ಟಕುಟೀ ಪ್ರಭಾತ

ಸಂಸ್ಕೃತ ಪಾಠಶಾಲೆಗಳಲ್ಲಿ ಶಾಸ್ತ್ರಪಾಠದ ನಡುವೆ ಗುರುಗಳು ಉದಾಹರಿಸುವ ಲೌಕಿಕ ನ್ಯಾಯಗಳಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂಬುದೊಂದುಂಟು. ಸುಂಕವನ್ನು ತಪ್ಪಿಸಬೇಕೆಂಬ ಎಣಿಕೆಯಿಂದ ಒಬ್ಬ ವರ್ತಕನು ರಾಜಮಾರ್ಗವನ್ನು ಬಿಟ್ಟು ಇರುಳೆಲ್ಲ ಕಾಡುದಾರಿಯಲ್ಲಿ ಬಂಡಿ ಹೊಡೆದುಕೊಂಡು ಹೋದನಂತೆ. ಮುಳ್ಳು ತುಳಿದು, ಹಳ್ಳ ದಾಟಿ, ದಿಕ್ಕು ತಪ್ಪಿ, ಬೆಳಕು ಹರಿಯುವ ವೇಳೆಗೆ ತಲೆಯೆತ್ತಿ ನೋಡಿದರೆ ಎದುರಿಗೆ ನಿಂತಿದ್ದುದು ಸುಂಕದ ಕಟ್ಟೆಯೇ! ಸುಂಕವೂ ತಪ್ಪಲಿಲ್ಲ, ಇರುಳಿನ ನಿದ್ರೆಯೂ ಉಳಿಯಲಿಲ್ಲ. ಒಂದು ತೆರನಾಗಿ ತೆರಬೇಕಾದುದನ್ನು ತಪ್ಪಿಸಹೊರಟವನು ಬೇರೊಂದು ತೆರನಾಗಿ ತೆತ್ತೇ ತೀರಬೇಕಾಗುವುದೆಂಬುದು ಇದರ ತಾತ್ಪರ್ಯ.

ಈ ನ್ಯಾಯಕ್ಕೆ ಹೊಸ ಕಾಲದ ದೃಷ್ಟಾಂತವೊಂದು ಕೊಪ್ಪಳ ಜಿಲ್ಲೆಯ ಬೇವೂರಿನಲ್ಲಿ ದೊರೆಯುತ್ತದೆ. ಅಲ್ಲಿಯ ಓಣಿಯೊಂದರ ಮೂಲೆಯಲ್ಲಿ ಒಬ್ಬ ತರುಣನ ಅಂಗಡಿಯಿದೆ. ಅಂಗಡಿಯೆಂದರೆ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ಬಸವಣ್ಣನವರ ಪಟ, ಇಷ್ಟೆ. ರೈತರಿಗೆ ಪಹಣಿ ತೆಗೆದುಕೊಡುವುದು, ಹುಡುಗರ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಲಗ್ನಪತ್ರಿಕೆಯ ಒಕ್ಕಣೆ ಅಚ್ಚು ಮಾಡುವುದು, ತಕರಾರಿನ ಅರ್ಜಿಗಳನ್ನು ಶುದ್ಧ ಪ್ರತಿ ಮಾಡಿಕೊಡುವುದು, ಇವು ಆತನ ವೃತ್ತಿ. ಮಳೆ ಬಂದರೆ ಕಡಲೆಯನ್ನೂ ಬಾರದಿದ್ದರೆ ಆಕಾಶವನ್ನೂ ನೋಡುವ ಎರೆಸೀಮೆಯ ಎರಡೆಕರೆ ಹೊಲಕ್ಕಿಂತ ಈ ಮೇಜೇ ಮನೆಯವರಿಗೆ ಹೆಚ್ಚಿನ ಆಧಾರವೆಂದರೂ ತಪ್ಪಾಗದು.

ಆ ಕಂಪ್ಯೂಟರು ಹಳೆಯದು. ಎರಡನೆಯ ಕೈಯಿಂದ ಕೊಂಡದ್ದು. ಮಾರಿದವನು ಅದರಲ್ಲಿ ವಿಂಡೋಸ್ ಎಂಬ ಕಾರ್ಯನಿರ್ವಹಣ ವ್ಯವಸ್ಥೆಯನ್ನು ತುಂಬಿಯೇ ಕೊಟ್ಟಿದ್ದನು. ಅದಕ್ಕೆ ಬೆಲೆಯುಂಟೆಂಬುದಾಗಲಿ, ತುಂಬಿದ್ದು ಬೆಲೆ ತೆರದ ಪ್ರತಿಯೆಂಬುದಾಗಲಿ ಬಹುಕಾಲ ತರುಣನಿಗೆ ತಿಳಿದಿರಲಿಲ್ಲ. ಕಹಿಯೌಷಧವನ್ನು ಕುಡಿಸುವ ಮೊದಲು ಮಗುವಿನ ನಾಲಗೆಗೆ ಬೆಲ್ಲ ಸವರುವ ಗುಡಜಿಹ್ವಿಕೆಯಂತೆ ಆ ವ್ಯವಸ್ಥೆ ಅವನ ಕೈಗೆ ಅಭ್ಯಾಸವಾಗಿಹೋಗಿತ್ತು. ಗಿರಾಕಿಗಳು ತರುವ ಪೆನ್‌ಡ್ರೈವುಗಳೊಡನೆ ನಾನಾ ಬಗೆಯ ವೈರಸ್ಸುಗಳೂ ಬಂದು ಸೇರಿ, ತಿಂಗಳಿಗೊಮ್ಮೆ ಯಂತ್ರ ಹಾಸಿಗೆ ಹಿಡಿಯುವುದು ವಾಡಿಕೆಯಾಯಿತು. ಇಷ್ಟರಲ್ಲಿ 2025ನೆಯ ಇಸವಿ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತವಾದ ರಕ್ಷಣೆಯ ತಿದ್ದುಪಡಿಗಳನ್ನು ಒದಗಿಸುವ ಸಾಮಾನ್ಯ ಅವಧಿಯೂ ಮುಗಿಯಿತು. 2021ರಲ್ಲಿ ಹೊರಬಂದಿದ್ದ ವಿಂಡೋಸ್ 11 ಆದರೋ ಯಂತ್ರದೊಳಗೆ ಭದ್ರತೆಯ ಒಂದು ವಿಶೇಷ ಚಿಪ್ಪಿಲ್ಲದೆ ವಿಧಿವತ್ತಾಗಿ ಒಳಗೆ ಬರಲೊಲ್ಲದು. ಹಳೆಯ ಯಂತ್ರದಲ್ಲಿ ಆ ಚಿಪ್ಪು ಎಲ್ಲಿಯದು? ಹೊಸ ಯಂತ್ರವನ್ನು ಕೊಳ್ಳಬೇಕಾದರೆ ಒಂದು ವರ್ಷದ ಕಡಲೆಯ ಹುಟ್ಟುವಳಿಯನ್ನೇ ಸುರಿಯಬೇಕು. ಹೀಗಿರಲು, ಕಾಸಿಲ್ಲದೆ ದೊರೆಯುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯುಂಟೆಂದು ಕೇಳಿ, ದೀಪಾವಳಿಯ ಪಾಡ್ಯದಂದು ವರ್ತಕರು ಹೊಸ ಲೆಕ್ಕ ಬರೆಯುವಂತೆ ತರುಣನು ತನ್ನ ಯಂತ್ರಕ್ಕೆ ಅದನ್ನು ತುಂಬಿದನು. ಸುಂಕದ ಕಟ್ಟೆಯನ್ನು ಬಳಸಿ ಹೋಗುವ ಇರುಳಿನ ಪಯಣ ಆರಂಭವಾದುದು ಹೀಗೆ.

ಲಿನಕ್ಸಿನ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಅಮೆರಿಕಾದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಾಂಶಜ್ಞನಿದ್ದನು. 1980ರ ಸುಮಾರಿಗೆ ಆ ಶಾಲೆಗೆ ಹೊಸ ಪ್ರಿಂಟರೊಂದು ಬಂದಿತು. ಕಾಗದ ಸಿಕ್ಕಿಕೊಂಡು ಅದು ನಿಂತಾಗ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ಆತನು ಬಯಸಿದನು. ಮೂಲಪಾಠವನ್ನು ಬಲ್ಲವನೊಬ್ಬನನ್ನು ಕಂಡು ಕೇಳಲಾಗಿ, ಅದನ್ನು ಯಾರಿಗೂ ಕೊಡುವುದಿಲ್ಲವೆಂದು ತಾನು ವಚನವಿತ್ತಿರುವುದಾಗಿ ಅವನು ಹೇಳಿದನಂತೆ. ವಿದ್ಯೆಯನ್ನು ಬಚ್ಚಿಡುವೆನೆಂದು ವಚನ ಕೊಡುವುದೇ ಅಧರ್ಮವೆಂದು ಸ್ಟಾಲ್‌ಮನ್ನನ ಮನಸ್ಸಿಗೆ ತೋರಿತು. 1983ನೆಯ ಇಸವಿ ಸೆಪ್ಟೆಂಬರ್ 27ರಂದು, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವುದಾಗಿ ಆತನು ಸಾರಿದನು. ಗ್ನೂ ಎಂಬುದು ಅದರ ಹೆಸರು. ಅದಕ್ಕೆ ಎಲ್ಲ ಅಂಗಗಳೂ ಕೂಡಿಬಂದರೂ ಯಂತ್ರದ ಒಡಲೊಡನೆ ನೇರವಾಗಿ ವ್ಯವಹರಿಸುವ ತಿರುಳೊಂದು ಮಾತ್ರ ಸಿದ್ಧವಾಗದೆ ಉಳಿದಿತ್ತು. 1991ನೆಯ ಇಸವಿ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬವನು ತಾನು ವಿನೋದಕ್ಕಾಗಿ ಅಂತಹದೊಂದನ್ನು ಬರೆಯುತ್ತಿರುವೆನೆಂದೂ ಅದು ದೊಡ್ಡದೇನೂ ಆಗದೆಂದೂ ಪ್ರಕಟಿಸಿದನು. ಮರುವರ್ಷ ಅದನ್ನು ಸ್ಟಾಲ್‌ಮನ್ನನ ಮುಕ್ತ ಪರವಾನಗಿಯ ಕೆಳಗೆ ತಂದನು. ಕುರುಡನ ಹೆಗಲ ಮೇಲೆ ಕುಂಟನು ಕುಳಿತು ಇಬ್ಬರೂ ದಾರಿ ನಡೆದ ಅಂಧಪಂಗುನ್ಯಾಯದಂತೆ ಒಂದಕ್ಕೊಂದು ಕೂಡಿ ಪೂರ್ಣವಾಯಿತು.

ದೊಡ್ಡದಾಗದೆಂದ ಆ ವಸ್ತು ಇಂದು ಎಲ್ಲೆಲ್ಲಿಯೂ ಇದೆ. 2017ರ ನವೆಂಬರ್ ತಿಂಗಳ ಪಟ್ಟಿಯಿಂದೀಚೆಗೆ ಜಗತ್ತಿನ ಅತಿ ಬಲಿಷ್ಠವಾದ 500 ಮಹಾಗಣಕಗಳೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ಬೇವೂರಿನ ಕುರಿ ಕಾಯುವ ಹುಡುಗನ ಜೇಬಿನಲ್ಲಿರುವ ಆಂಡ್ರಾಯಿಡ್ ಫೋನಿನ ತಿರುಳೂ ಅದೇ. ಮಹಾಗಣಕದಲ್ಲಿಯೂ ಅಂಗೈಯಲ್ಲಿಯೂ ಆಳುವ ಈ ಅರಸನಿಗೆ ಮೇಜಿನ ಮೇಲಿನ ಯಂತ್ರದಲ್ಲಿ ಮಾತ್ರ ಒಂದು ಮೂಲೆಯಷ್ಟೇ ದಕ್ಕಿರುವುದೇಕೆಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಗ್ರಂಥಗಳಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಬೇವೂರಿನ ಆ ಅಂಗಡಿಯಲ್ಲಿ ದೊರೆಯುವುದು.

ಇಲ್ಲಿ ಶಬ್ದವಿಚಾರವೊಂದುಂಟು. ಇಂಗ್ಲಿಷಿನ ಫ್ರೀ ಎಂಬ ಒಂದೇ ಮಾತಿಗೆ ಬಂಧನವಿಲ್ಲದ್ದೆಂದೂ ಬೆಲೆಯಿಲ್ಲದ್ದೆಂದೂ ಎರಡು ಅರ್ಥಗಳಿರುವುದರಿಂದ ಆ ಜನಕ್ಕೆ ಈ ವಿಷಯದಲ್ಲಿ ಸದಾ ಗೊಂದಲ. ಕನ್ನಡಕ್ಕೆ ಆ ತೊಡಕಿಲ್ಲ. ಮುಕ್ತವೇ ಬೇರೆ, ಉಚಿತವೇ ಬೇರೆ. ಆದರೆ ಉಚಿತವೆಂದರೆ ಸಂಸ್ಕೃತದಲ್ಲಿ ತಕ್ಕದ್ದು, ಯೋಗ್ಯವಾದದ್ದು ಎಂದರ್ಥ. ಕಾಸು ಕೊಡದೆ ದೊರೆತದ್ದೆಂಬ ಅರ್ಥ ಅದಕ್ಕೆ ಬಳಕೆಯಲ್ಲಿ ಬಂದದ್ದು. ತರುಣನು ಲಿನಕ್ಸನ್ನು ಮೊದಲು ಒಪ್ಪಿದ್ದು ಬಳಕೆಯ ಅರ್ಥದಲ್ಲಿ. ಅದು ಮೂಲದ ಅರ್ಥದಲ್ಲಿಯೂ ಉಚಿತವೇ ಎಂಬ ಪರೀಕ್ಷೆ ಮುಂದೆ ನಡೆಯಿತು.

ಮೊದಲ ವಾರವೆಲ್ಲ ಹಬ್ಬವೇ ಹಬ್ಬ. ಹಾಸಿಗೆ ಹಿಡಿದ ಯಂತ್ರ ಎದ್ದು ಓಡಾಡತೊಡಗಿತು. ಗಿರಾಕಿಗಳ ಪೆನ್‌ಡ್ರೈವಿನ ವೈರಸ್ಸುಗಳು ಬೇರೆ ವ್ಯವಸ್ಥೆಗಾಗಿ ಹುಟ್ಟಿದವಾದುದರಿಂದ ಇಲ್ಲಿ ಹಲ್ಲು ಊರಲಾರದೆ ಸುಮ್ಮನೆ ಬಿದ್ದುಕೊಂಡವು. ಪರದೆಯ ಮೇಲಿನ ಸೂಚನೆಗಳು ಬಹುಮಟ್ಟಿಗೆ ಕನ್ನಡದಲ್ಲಿಯೇ ಬಂದವು. ಸಂಬಳವಿಲ್ಲದೆ ದುಡಿದ ಕನ್ನಡಿಗರು ಅವನ್ನು ಅನುವಾದಿಸಿದ್ದರು. ಕೀಲಿಮಣೆಗಳ ಪಟ್ಟಿಯನ್ನು ತೆರೆದಾಗಲಂತೂ ತರುಣನಿಗೆ ಪರಮಾಶ್ಚರ್ಯವಾಯಿತು. ಕೆ.ಪಿ. ರಾಯರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದ ಕೀಲಿವಿನ್ಯಾಸ ಅಲ್ಲಿ ಕಗಪ ಎಂಬ ಹೆಸರಿನಲ್ಲಿಯೇ ಕುಳಿತಿತ್ತು. ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಕಗಪ! ಕರ್ನಾಟಕದ ಒಂದು ಪರಿಷತ್ತಿನ ಹೆಸರಿನ ಮೂರಕ್ಷರ ಪ್ರಪಂಚದ ಲಿನಕ್ಸ್ ಯಂತ್ರಗಳ ಕೀಲಿಮಣೆಯ ಪಟ್ಟಿಯಲ್ಲಿ ಸಂಸ್ಕೃತದ ಪಕ್ಕದಲ್ಲಿ ನಿಂತಿರುವುದನ್ನು ಬಲ್ಲ ಕನ್ನಡಿಗರು ಎಷ್ಟು ಮಂದಿ? ಅಕ್ಷರಗಳ ಅಚ್ಚುಗಳೂ ಧಾರಾಳವಾಗಿದ್ದವು. ಗುಬ್ಬಿ, ನವಿಲು ಎಂಬ ಕನ್ನಡದ ಅಚ್ಚುಗಳು, ಲೋಹಿತವೆಂಬ ಇನ್ನೊಂದು. ಲೋಹಿತವೆಂದರೆ ಕೆಂಪು. ಅದನ್ನು 2004ರಲ್ಲಿ ಲೋಕಕ್ಕೆ ಕೊಟ್ಟ ಸಂಸ್ಥೆಯ ಹೆಸರು ರೆಡ್ ಹ್ಯಾಟ್, ಎಂದರೆ ಕೆಂಪು ಟೋಪಿ. ಯಾರೋ ಸಂಸ್ಕೃತಜ್ಞನೊಬ್ಬನು ಅಲ್ಲಿ ಕುಳಿತು ನಾಮಕರಣ ಮಾಡಿರಬೇಕು.

ಎಂಟನೆಯ ದಿನ ಮೊದಲ ಪಹಣಿಯ ಗಿರಾಕಿ ಬಂದನು. ಪಹಣಿ ಪರದೆಯ ಮೇಲೆ ಬಂದಿತು. ಕಾಗದದ ಮೇಲೆ ಬರಲಿಲ್ಲ. ಅಗ್ಗದ ಪ್ರಿಂಟರುಗಳ ಗುಟ್ಟು ಅಂದು ತರುಣನಿಗೆ ತಿಳಿಯಿತು. ಅವುಗಳಿಗೆ ಸ್ವಂತ ಬುದ್ಧಿಯಿರುವುದಿಲ್ಲ. ಪುಟವನ್ನು ಚುಕ್ಕೆಚುಕ್ಕೆಯಾಗಿ ಜೋಡಿಸುವ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿ ಒಂದು ಗುಪ್ತಭಾಷೆಯಲ್ಲಿ ಅವಕ್ಕೆ ಒಪ್ಪಿಸಬೇಕು. ಆ ಭಾಷೆಯನ್ನು ತಯಾರಕರು ವಿಂಡೋಸಿಗೆ ಹೇಳಿಕೊಟ್ಟಿರುವರು. ಲಿನಕ್ಸಿಗೆ ಹೇಳಿಕೊಡದೆಯೇ ಬಿಡುವರು, ಇಲ್ಲವೆ ಅರೆಮನಸ್ಸಿನಿಂದ ಎಂದೋ ಒಮ್ಮೆ ಹೇಳಿಕೊಟ್ಟು ಮರೆತುಬಿಡುವರು. ಪ್ರಿಂಟರಿನ ಗುಟ್ಟನ್ನು ಬಿಟ್ಟುಕೊಡದುದಕ್ಕೆ ಸಿಟ್ಟಾಗಿ ಅಮೆರಿಕಾದಲ್ಲಿ ಹುಟ್ಟಿದ ಚಳವಳಿ, ನಲವತ್ತು ವರ್ಷಗಳು ಕಳೆದಮೇಲೆ ಬೇವೂರಿನಲ್ಲಿ ಪ್ರಿಂಟರಿನ ಗುಟ್ಟಿನ ಮುಂದೆಯೇ ಕೈಕಟ್ಟಿ ನಿಂತಿತು. ಮೂರು ಇರುಳು ಹೆಣಗಿದಮೇಲೆ ಒಂದು ಪುಟ ಹೊರಬಂದಿತು. ಎರಡನೆಯದು ನಡುವೆ ನಿಂತಿತು. ಗಿರಾಕಿಗಳು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತತೊಡಗಿದರು. ಓಣಿಯ ಮುದುಕಿಯೊಬ್ಬಳು ದಿನವೂ ಬಾಗಿಲಲ್ಲಿ ಇಣಿಕಿ, “ತಮ್ಮಾ, ನಿನ್ನ ಮಷೀನು ಇವತ್ತರ ಮಾತಾಡತೈತೇನು, ಇನ್ನೂ ಸಿಟ್ಟು ಮಾಡಿಕೊಂಡೈತೊ?” ಎಂದು ವಿಚಾರಿಸುವಳು. “ಇನ್ನೆಲ್ಡು ದಿನ ತಡಿ ಯವ್ವಾ” ಎಂದು ಇವನ ಉತ್ತರ.

ಪ್ರಿಂಟರಿನ ಹಿಂದೆಯೇ ಬೆರಳೊತ್ತಿನ ಯಂತ್ರದ ಸರದಿ ಬಂದಿತು. ಪಿಂಚಣಿ ಮೊದಲಾದ ಕೆಲಸಗಳಿಗೆ ಬೆರಳಿನ ಗುರುತು ಹಿಡಿಯುವ ಆ ಚಿಕ್ಕ ಪೆಟ್ಟಿಗೆಯ ತಂತ್ರಾಂಶಗಳು ಬಹುಮಟ್ಟಿಗೆ ವಿಂಡೋಸಿಗೂ ಫೋನಿಗೂ ಮಾತ್ರ ಬರೆಯಲ್ಪಟ್ಟಿರುವುವು. ಲಿನಕ್ಸಿನ ದೋಷವಲ್ಲ ಇದು; ಲಿನಕ್ಸಿನವರು ಹಳ್ಳಿಯಲ್ಲಿ ಇರಲಾರರೆಂದು ಎಣಿಸಿದವರ ದೋಷ. ಆದರೆ ದೋಷ ಯಾರದೆಂಬ ತರ್ಕದಿಂದ ಪಿಂಚಣಿಗೆ ಬಂದು ಕುಳಿತ ಮುದುಕನ ಹೊಟ್ಟೆ ತುಂಬುವುದಿಲ್ಲವಷ್ಟೆ. ಸಂಜೆ ಲೆಕ್ಕ ಹಾಕಿದಾಗ ದಿನದ ಗಳಿಕೆ ಅರ್ಧಕ್ಕಿಂತಲೂ ಕೆಳಗಿಳಿದುದನ್ನು ತರುಣನು ಕಂಡನು.

ಇವೆಲ್ಲ ಕಾಸಿನ ಕಷ್ಟಗಳು. ಇವಕ್ಕಿಂತ ಮಿಗಿಲಾದುದೊಂದು ಕಾದಿತ್ತು.

ತರುಣನ ಅಜ್ಜಿ ಹಾಡುಗಾರ್ತಿಯಾಗಿದ್ದಳು. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ತೊಟ್ಟಿಲ ಪದ, ಹಂತಿಯ ಪದ, ಎಷ್ಟೆಂದರೆ ಅವಳಿಗೇ ಲೆಕ್ಕವಿರಲಿಲ್ಲ. ಓದು ಬಾರದು, ಸಹಿಗೆ ಹೆಬ್ಬೆಟ್ಟು. 2013ರಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಕಂಪ್ಯೂಟರು ಕಲಿಯುವ ಹುಮ್ಮಸ್ಸಿನಲ್ಲಿ ಮೊಮ್ಮಗನು ಅವಳು ಹಾಡಿದ್ದನ್ನು ಟೈಪು ಮಾಡತೊಡಗಿದನು. ಎಂಟು ವರ್ಷಗಳಲ್ಲಿ ಸುಮಾರು 300 ಹಾಡುಗಳಾದವು. 2021ರಲ್ಲಿ ಅಜ್ಜಿ ತೀರಿಕೊಂಡಳು. ಆ ಹಾಡುಗಳನ್ನು ಪುಸ್ತಕ ಮಾಡಿಸಬೇಕೆಂಬುದು ಅವನ ಮನಸ್ಸಿನಲ್ಲಿದ್ದ ಒಂದೇ ದೊಡ್ಡ ಕೆಲಸ. ಲಿನಕ್ಸನ್ನು ತುಂಬಿದ ಹದಿನೈದನೆಯ ದಿನ, ಅಂಗಡಿಯಲ್ಲಿ ಗಿರಾಕಿಯಿಲ್ಲದ ಬೇಸರದಿಂದ ಆ ಕಡತಗಳನ್ನು ತೆರೆದನು. ಒಂದು ಅಕ್ಷರವೂ ಕನ್ನಡವಾಗಿರಲಿಲ್ಲ.

ಕಾರಣವನ್ನು ವಾಚಕರಿಗೆ ವಿವರಿಸುವುದು ಅವಶ್ಯ. ಕಂಪ್ಯೂಟರಿಗೆ ಅಕ್ಷರವೆಂಬುದು ಒಂದು ಸಂಖ್ಯೆ. ಲೋಕದ ಸಕಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಅದನ್ನು ಬಲ್ಲ ಯಂತ್ರಗಳು ಊರೂರಿಗೆ ಬರುವುದಕ್ಕೆ ಬಹುವರ್ಷಗಳು ಹಿಡಿದವು. ಅಷ್ಟರವರೆಗೆ ಕನ್ನಡಿಗರು ಸುಮ್ಮನೆ ಕುಳಿತಿರಬೇಕಾಗಿತ್ತೇ? 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಬಂದು ಕೋಟ್ಯಂತರ ಪುಟಗಳ ಕನ್ನಡವನ್ನು ಸಾಧ್ಯವಾಗಿಸಿದುವು. ಅಂದಿನ ಕೌಶಲವೇನೆಂದರೆ, ಇಂಗ್ಲಿಷ್ ಮೊದಲಾದ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಅಚ್ಚನ್ನು ಹೊದಿಸುವುದು. ಹೊದಿಕೆಯಿರುವಷ್ಟು ಕಾಲ ಕನ್ನಡ. ಹೊದಿಕೆ ಜಾರಿದರೆ ಒಳಗಿನ ಪರಭಾಷೆ ಬಯಲು. ನುಡಿಯ ಹಳೆಯ ಅಚ್ಚಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಅಚ್ಚಿಲ್ಲದ ಯಂತ್ರದಲ್ಲಿ ತೆರೆದರೆ ಪಿ ಎಂಬ ಅಕ್ಷರ, ನೆತ್ತಿಯ ಮೇಲೆ ಗೀಟುಳ್ಳ ಎ, ಮತ್ತು ನಕಾರದ ಸ್ಥಾನದಲ್ಲಿ ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆ ಕಾಣಿಸಿಕೊಳ್ಳುವುವು! ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಕೊಪಣವನ್ನು ಹೆಸರಿಸಿದೆ. ಕೊಪಣವೆಂದರೆ ಇಂದಿನ ಕೊಪ್ಪಳ. ಆ ತಿರುಳ್ಗನ್ನಡದ ನೆಲದಲ್ಲಿ, 1948ರವರೆಗೆ ಶಾಲೆಯಲ್ಲಿ ಉರ್ದುವಿನ ಪ್ರಾಬಲ್ಯವಿದ್ದು, ಕನ್ನಡವನ್ನು ಹೆಂಗಸರ ಹಾಡುಗಳೂ ಮಠಗಳ ಪುರಾಣಗಳೂ ಕಾಪಾಡಿಕೊಂಡು ಬಂದ ಸೀಮೆಯಲ್ಲಿ, ಒಬ್ಬ ಅಜ್ಜಿಯ 300 ಹಾಡುಗಳು ಪೌಂಡಿನ ಚಿಹ್ನೆಗಳಾಗಿ ಕುಳಿತಿದ್ದುವು.

ಅಂದು ತರುಣನು ಅಂಗಡಿಯ ಬಾಗಿಲನ್ನು ಮಧ್ಯಾಹ್ನಕ್ಕೇ ಹಾಕಿದನು.

ಹಳೆಯ ಅಚ್ಚನ್ನು ತಂದು ಹೊದಿಸಿದ್ದರೆ ಕಣ್ಣಿಗೆ ಕನ್ನಡ ಮತ್ತೆ ಕಾಣುತ್ತಿತ್ತು, ನಿಜ. ಆದರೆ ಮತ್ತೊಮ್ಮೆ ಯಂತ್ರ ಬದಲಾದಾಗ ಮತ್ತೊಮ್ಮೆ ಇದೇ ಗತಿ. ಪುಸ್ತಕವಾಗಬೇಕಾದರೆ, ನೂರು ವರ್ಷ ಉಳಿಯಬೇಕಾದರೆ, ಹಾಡುಗಳು ನಿಜವಾದ ಕನ್ನಡದ ಸಂಖ್ಯೆಗಳಲ್ಲಿ ನಿಲ್ಲಬೇಕು. ಹೀಗೆ ಪರಿವರ್ತಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ತರುಣರೇ ಬರೆದು ಹಂಚಿರುವರು. ಅವುಗಳಲ್ಲೊಂದನ್ನು ತಂದು ಹಾಡುಗಳನ್ನು ಅದಕ್ಕೆ ಒಪ್ಪಿಸಿದನು. ಗರಗಸದ ಗಿರಣಿಯಿಂದ ಹಲಗೆ ಬರುವಂತೆ ಕನ್ನಡ ಬಂದಿತು. ಆದರೆ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಹಳೆಯ ಅಚ್ಚಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಹಿಂದೆ ನಿಲ್ಲುವುದು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು ಬರಬೇಕು. ಶಾಸ್ತ್ರದೃಷ್ಟಿಯಿಂದ ಎರಡನೆಯದೇ ಸರಿ. ಆದರೆ ಕಾಲೇಜು ಹುಡುಗನ ಮೊದಲ ವರ್ಷಗಳ ಟೈಪಿನಲ್ಲಿ ಒತ್ತುಗಳೂ ಕೊಂಬುಗಳೂ ಕ್ರಮಗೆಟ್ಟು ಬಿದ್ದಿದ್ದುದರಿಂದ, ‘ಸೂರ್ಯ’ ಕೆಲವೆಡೆ ಉದಯಿಸಿದನು, ಕೆಲವೆಡೆ ಗ್ರಹಣ ಹಿಡಿದನು. ಪುಟಕ್ಕೆ ಹತ್ತಿಪ್ಪತ್ತು ತಪ್ಪುಗಳು. ಅವನ್ನು ಕಣ್ಣಿನಿಂದಲೇ ತಿದ್ದಬೇಕು. ಕಾಗುಣಿತವನ್ನು ಪರೀಕ್ಷಿಸುವ ತಂತ್ರಾಂಶವೊಂದುಂಟು. ಅದು ಬೇವೂರಿನ ಆಡುಮಾತೆಲ್ಲಕ್ಕೂ ಕೆಂಪು ಗೆರೆ ಎಳೆದು ಅಜ್ಜಿಯನ್ನೇ ಅಶುದ್ಧಳೆಂದು ಸಾರಿತು.

ಈ ನಡುವೆ ಒಂದು ಅನಾಹುತ ನಡೆಯಿತು. ಲಿನಕ್ಸಿನಲ್ಲಿ ಬಹಳ ಕೆಲಸಗಳನ್ನು ಆಜ್ಞೆಗಳನ್ನು ಟೈಪು ಮಾಡಿ ನಡೆಸಬಹುದು. ಕೆಲವನ್ನು ಹಾಗೆಯೇ ನಡೆಸುವುದು ಸುಲಭ. ಅವನ್ನು ಕಲಿಯುವ ಬಗೆ ಬಾಲ್ಯದಲ್ಲಿ ಅಮರಕೋಶ, ಶಬ್ದಮಂಜರಿಗಳನ್ನು ಕಲಿಯುವ ಬಗೆಯೇ. ಮೊದಲು ಬಾಯಿಪಾಠ, ಅರ್ಥ ಆಮೇಲೆ. ಅಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಿಗೂ ಭೇದವುಂಟು, ನಡುವೆ ಬಿಡುವ ತೆರಪಿಗೂ ಅರ್ಥವುಂಟು. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಯಾಗ ಮಾಡುವಾಗ ಇಂದ್ರಶತ್ರುವೆಂಬ ಪದದ ಸ್ವರ ತಪ್ಪಿದುದರಿಂದ, ಇಂದ್ರನನ್ನು ಕೊಲ್ಲುವವನಾಗಬೇಕಾದ ವೃತ್ರನು ಇಂದ್ರನಿಂದ ಕೊಲ್ಲಲ್ಪಡುವವನಾದ ಕಥೆಯನ್ನು ವೈಯಾಕರಣರು ಹೇಳುತ್ತಾರೆ. ಬೇವೂರಿನಲ್ಲಿ ತಪ್ಪಿದ್ದು ಸ್ವರವಲ್ಲ, ಒಂದು ತೆರಪು. ಒಂದು ವರ್ಷದ ಹಾಡುಗಳನ್ನಿಟ್ಟಿದ್ದ ಕೋಶದಲ್ಲಿ ನಕಲು ಎಂಬ ಹೆಸರಿನಿಂದ ಆರಂಭವಾಗುವ ಕಡತಗಳನ್ನು ಮಾತ್ರ ಅಳಿಸಬೇಕೆಂದು ತರುಣನು ಆ ಹೆಸರನ್ನು ಬರೆದು ಮುಂದೆ ನಕ್ಷತ್ರ ಚಿಹ್ನೆಯನ್ನಿಡುವಾಗ ನಡುವೆ ಬೆರಳು ತಾಗಿ ತೆರಪು ಬಿದ್ದಿತು. ಒಂಟಿಯಾಗಿ ನಿಂತ ನಕ್ಷತ್ರಕ್ಕೆ ‘ಎಲ್ಲವೂ’ ಎಂದು ಅರ್ಥ. ವಿಧೇಯ ಸೇವಕನಂತೆ ಯಂತ್ರವು ಮರುಮಾತಾಡದೆ ಎಲ್ಲವನ್ನೂ ಅಳಿಸಿತು. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. 46 ಹಾಡುಗಳು, ಹಳೆಯ ರೂಪವೂ ಹೊಸ ರೂಪವೂ ಒಟ್ಟಿಗೆ, ಹೋದುವು. ಬೇರೆ ಕಡೆ ಪ್ರತಿಯನ್ನು ತೆಗೆದಿಟ್ಟಿರಬೇಕಾಗಿತ್ತೆಂಬ ವಿವೇಕ ಎಲ್ಲರಿಗೂ ಇಂತಹ ಹೊತ್ತಿನ ಮರುನಿಮಿಷ ಹುಟ್ಟುವುದು.

ಆ ರಾತ್ರಿ ಊಟಕ್ಕೆ ಕುಳಿತ ಮಗನ ಮುಖವನ್ನು ನೋಡಿ ತಾಯಿ ಕಾರಣ ಕೇಳಿದಳು. ಯಂತ್ರದ ವಿಚಾರ ಅವಳಿಗೆ ತಿಳಿಯದು. ಹಾಡು ಹೋದ ವಿಚಾರ ತಿಳಿಯಿತು. “ಯಾವ ವರ್ಷದ್ದು?” ಎಂದಳು. ಹೊಲದಲ್ಲಿ ಹತ್ತಿ ಹಾಕಿದ ವರ್ಷದ್ದು ಎಂದನು ಮಗ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾಟು ಸರಿಸಿ, ಒಂದು ಬೀಸುವ ಪದವನ್ನು ಮೆಲ್ಲಗೆ ಎತ್ತಿಕೊಂಡಳು. ಅತ್ತೆಯ ಜೊತೆಗೆ ಇಪ್ಪತ್ತು ವರ್ಷ ಒಂದೇ ಬೀಸುಗಲ್ಲಿನ ಗೂಟ ಹಿಡಿದ ಸೊಸೆ ಅವಳು. ಮೊಮ್ಮಗನು ಅಜ್ಜಿಯನ್ನು ಕೇಳಿ ಬರೆದನು. ಮನೆಯೊಳಗೇ ಇದ್ದ ತಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ಪ್ರತಿ ರಾತ್ರಿ ಒಂಬತ್ತಕ್ಕೆ ಕೆಲಸ ಆರಂಭವಾಯಿತು. ಪರಿವರ್ತನೆಯಾದ ಹಾಡನ್ನು ಮಗನು ಓದುವುದು, ತಾಯಿ ಹಾಡಿ ನೋಡುವುದು. ಹಾಡಿನ ನಡೆಗೆ ಒಗ್ಗದ ಮಾತು ಬಂದೊಡನೆ ಅವಳು ನಿಲ್ಲಿಸುವಳು. ಅಲ್ಲಿ ನೋಡಿದರೆ ಒಂದು ಒತ್ತು ಕಳಚಿರುವುದು, ಇಲ್ಲವೆ ಹತ್ತು ವರ್ಷದ ಕೆಳಗೆ ಹುಡುಗನು ತಪ್ಪು ಕೇಳಿ ತಪ್ಪು ಬರೆದಿರುವುದು. ಯಂತ್ರದ ತಪ್ಪನ್ನು ತಿದ್ದಲು ಕುಳಿತವರು ಮನುಷ್ಯನ ತಪ್ಪುಗಳನ್ನೂ ತಿದ್ದಿದರು. ಹೋದ 46ರಲ್ಲಿ 29 ಹಾಡುಗಳು ತಾಯಿಯ ನೆನಪಿನಿಂದ ಮರಳಿ ಬಂದುವು. 17 ಬರಲಿಲ್ಲ, ಅವು ಇನ್ನು ಬರುವಂತಿಲ್ಲ. ಅತ್ತೆ ಹಾಡದಿದ್ದ, ತಾಯಿ ತನ್ನ ತವರಿನಿಂದ ತಂದಿದ್ದ ಹಾಡುಗಳು ಹನ್ನೊಂದು ದೊರೆತುವು. ಆದರೆ ಹನ್ನೊಂದು ಬಂದುದರಿಂದ ಹದಿನೇಳರ ಲೆಕ್ಕ ಚುಕ್ತಾ ಆಗುವುದಿಲ್ಲವೆಂಬುದನ್ನು ತರುಣನು ಮರೆಯಲಿಲ್ಲ, ಮರೆಯಬಾರದು ಕೂಡ.

ಈ ಕಷ್ಟಗಳು ಲಿನಕ್ಸಿನ ಸ್ವಭಾವದಿಂದಲೇ ಬಂದುವೇ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕು. ಕೇರಳ ರಾಜ್ಯದ ಸರಕಾರಿ ಶಾಲೆಗಳು ಈ ಶತಮಾನದ ಮೊದಲ ದಶಕದಲ್ಲಿಯೇ ಮುಕ್ತ ತಂತ್ರಾಂಶದ ಮಾರ್ಗವನ್ನು ಹಿಡಿದುವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಂದು ಶಾಲೆಯಲ್ಲಿ ಕಂಪ್ಯೂಟರು ಕಲಿಯುವುದು ಲಿನಕ್ಸಿನ ಮೇಲೆಯೇ. ಅಲ್ಲಿ ಶಾಲೆಗಳಿಗಾಗಿಯೇ ಲಿನಕ್ಸಿನ ಒಂದು ರೂಪವನ್ನು ಸಿದ್ಧಗೊಳಿಸಿ ಹಂಚುವ ಸಂಸ್ಥೆಯುಂಟು, ಅಧ್ಯಾಪಕರಿಗೆ ತರಬೇತಿಯುಂಟು. ಒಬ್ಬನಿಗೆ ಬಂದ ತೊಡಕಿಗೆ ಪಕ್ಕದ ಶಾಲೆಯಲ್ಲಿ ಪರಿಹಾರ ತಿಳಿದವನುಂಟು. ಸಾವಿರ ಜನ ನಡೆದರೆ ಕಾಡಿನಲ್ಲಿಯೂ ದಾರಿ ಮೂಡುವುದು. ಬೇವೂರಿನವನು ನಡೆದದ್ದು ಒಬ್ಬನೇ. ಆದುದರಿಂದ ಅವನಿಗೆ ತೊಡಕಾದುದು ಲಿನಕ್ಸೆಂಬುದಕ್ಕಿಂತ ಒಂಟಿತನವೆಂಬುದೇ ನ್ಯಾಯವಾದ ಮಾತು. ಜೊತೆಯಿಲ್ಲದವನು ತನ್ನ ನಿದ್ರೆಯಿಂದಲೇ ಸುಂಕ ತೆರಬೇಕು.

ಈಗ ಆ ಅಂಗಡಿಯ ಯಂತ್ರದಲ್ಲಿ ಎರಡು ವ್ಯವಸ್ಥೆಗಳೂ ಇವೆ. ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಸಣ್ಣ ಭಾಗದಲ್ಲಿ ಉಳಿಸಿಕೊಂಡ ಹಳೆಯ ವಿಂಡೋಸ್ ಏಳುವುದು. ಪ್ರಿಂಟರೂ ಬೆರಳೊತ್ತಿನ ಪೆಟ್ಟಿಗೆಯೂ ಅದರ ಮಾತನ್ನೇ ಕೇಳುವುವು. ಅದಕ್ಕೆ ಈಗ ರಕ್ಷಣೆಯ ತಿದ್ದುಪಡಿಗಳು ಬರುತ್ತಿಲ್ಲವಾದುದರಿಂದ ಅದರಲ್ಲಿ ತನ್ನದೆನ್ನುವ ಏನನ್ನೂ ತರುಣನು ಇಡುವುದಿಲ್ಲ. ಕಡಲೆಯ ದುಡ್ಡು ಬಂದ ವರ್ಷ ಅದಕ್ಕೆ ವಿಧಿವತ್ತಾಗಿ ಬೆಲೆ ತೆತ್ತು ಹೊಸ ಯಂತ್ರ ಕೊಳ್ಳುವನಂತೆ; ಇಲ್ಲವೆ ಕೊಳ್ಳುವ ಮೊದಲೇ ಲಿನಕ್ಸಿನ ಮಾತು ಕೇಳುವ ಪ್ರಿಂಟರನ್ನು ವಿಚಾರಿಸಿ ತರುವನಂತೆ. ರಾತ್ರಿ ಒಂಬತ್ತಕ್ಕೆ ಲಿನಕ್ಸ್ ಏಳುವುದು, ಹಾಡುಗಳಿರುವುದು ಅಲ್ಲಿ. ಮೂಲಪಾಠವೆಲ್ಲ ಬಯಲಿನಲ್ಲಿರುವ ತಂತ್ರಾಂಶದಲ್ಲಿ, ಲೋಕವೇ ಒಪ್ಪಿದ ಸಂಖ್ಯೆಗಳಲ್ಲಿ ಬರೆದಿಟ್ಟುದನ್ನು ಮುಂದಿನ ಯಂತ್ರ ಯಾವುದಾದರೂ ಓದಬಲ್ಲದೆಂಬ ಭರವಸೆ ಅವನಿಗುಂಟು. ಅರ್ಧ ಮುದುಕಿ ಅರ್ಧ ತರುಣಿಯೆಂಬ ಅರ್ಧಜರತೀಯವನ್ನು ಶಾಸ್ತ್ರಕಾರರು ದೋಷವೆನ್ನುತ್ತಾರೆ. ವಾದದಲ್ಲಿ ಅದು ದೋಷವೇ ಸರಿ. ಸಂಸಾರದಲ್ಲಿ ಎಷ್ಟು ಮನೆಗಳು ಅದರಿಂದಲೇ ನಡೆಯುತ್ತಿವೆಯೆಂಬುದನ್ನು ಬಲ್ಲವರು ತರುಣನನ್ನು ನಿಂದಿಸರು.

ಎಳ್ಳಮಾವಾಸ್ಯೆಯ ಹೊತ್ತಿಗೆ ತಿದ್ದುವ ಕೆಲಸ ಮುಗಿಯಿತು. ಹಾಡುಗಳ ಪ್ರತಿಗಳನ್ನು ಮೂರು ಕಡೆ ಇಟ್ಟಿರುವುದಾಗಿ ಮಗನು ಹೇಳಿದಾಗ ತಾಯಿ, “ಮತ್ತ ಮಷೀನು ಬದಲಾದ್ರ ಇವು ಓದಾಕ ಬರ್ತಾವೇನಪಾ?” ಎಂದು ಕೇಳಿದಳು. ಬರಬೇಕು ಎಂದನು. ಬರ್ತಾವೆ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ಮರುದಿನ ಬೆಳಿಗ್ಗೆ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು, ತನ್ನ ಗಿರಾಕಿಗಳು ಎರಡು ತಿಂಗಳು ಹತ್ತಿಳಿದ ಪಕ್ಕದ ಅಂಗಡಿಯ ಮೆಟ್ಟಿಲನ್ನು ತಾನೂ ಹತ್ತಿದನು. ಅಲ್ಲಿಯ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆಸಿ, ಪುಟಕ್ಕಿಷ್ಟೆಂದು ಎಣಿಸಿ ಹಣ ಕೊಟ್ಟು, ದಾರದಿಂದ ಹೊಲಿಸಿ ತಂದು ತಾಯಿಯ ಕೈಯಲ್ಲಿಟ್ಟನು. ಅವಳಿಗೆ ಓದಲು ಬಾರದು. ಮೊದಲ ಹಾಳೆಯ ಮೇಲೆ ಕೈಯಾಡಿಸಿ, ಅದರಲ್ಲಿ ಯಾವ ಹಾಡಿದೆಯೆಂದು ಕೇಳಿ, ಪುಸ್ತಕವನ್ನು ಮುಚ್ಚಿ, ಹಾಡಲು ಮೊದಲಿಟ್ಟಳು.